ಒಂದು ಕ್ವಿಂಟಾಲಿನ ಗಂಡ

೮ ಜನವರಿ ೧೯೮೭, ಗುರುವಾರ

ಹುಬ್ಬಳ್ಳಿಗೆ ಹೋಗಿ ಬಂದೆ. ಮೊಣಕಾಲು ತೋರಿಸಿಕೊಂಡು ಬರುತ್ತೇನೆ ಎಂದು ಗಂಗಾಳಿಗೆ ಹೇಳಿದ್ದೆ. ಪೂರಾ ಸುಳ್ಳಲ್ಲ, ಮೊಣಕಾಲೂ ನೋಯುತ್ತದೆ. ಆದರೆ ಡಾಕ್ಟರ್ ಅಬ್ದುಲಮಜೀದ ಅವರ ಮುಂದೆ ಕುಳಿತಾಗ ಮೊಣಕಾಲಿನ ಮಾತು ಬರಲೇ ಇಲ್ಲ.

ಹೋದ ತಿಂಗಳು ಅವರು ನನ್ನ ರಕ್ತ ತೆಗೆದು ಮುಂಬಯಿಗೆ ಕಳಿಸಿದ್ದರು. ಈಗ ರಿಪೋರ್ಟು ಬಂದಿದೆ. ಗಂಡಸಿನ ಮೈಯಲ್ಲಿ ಒಂದು ಹಾರ್ಮೋನು ಇರುತ್ತದೆ, ಟೆಸ್ಟೊಸ್ಟೆರೋನ್ ಅಂತ ಅದರ ಹೆಸರು. ನನ್ನಲ್ಲಿ ಇರಬೇಕಾದ್ದರ ಅರ್ಧವೂ ಇಲ್ಲ. ಹಗಲೆಲ್ಲ ತೂಕಡಿಕೆ, ಯಾವುದರಲ್ಲೂ ಮನಸ್ಸಿಲ್ಲದ್ದು, ಮತ್ತೆ ಆ ಇನ್ನೊಂದು, ಎಲ್ಲಕ್ಕೂ ಇದೇ ಮೂಲವಂತೆ. ಅದೂ ನಲವತ್ತೆರಡಕ್ಕೇ.

"ಯಾಕ ಹಿಂಗಾತ್ರಿ?" ಎಂದೆ. ಅವರು ನನ್ನನ್ನು ತೂಗುವ ಯಂತ್ರದ ಮೇಲೆ ನಿಲ್ಲಿಸಿದರು. ಒಂದು ಕ್ವಿಂಟಾಲು ಆರು ಕಿಲೋ. ಜೋಳವಾಗಿದ್ದರೆ ಅಣ್ಣಿಗೇರಿ ಪೇಟೆಯಲ್ಲಿ ಒಳ್ಳೆಯ ರೇಟು ಬರುತ್ತಿತ್ತು. ಅಪ್ಪ ಕುಬೇರಪ್ಪ ಅಂತ ಹೆಸರಿಟ್ಟ. ಕುಬೇರನ ಸಂಪತ್ತು ಬರಲಿಲ್ಲ, ಹೊಟ್ಟೆ ಮಾತ್ರ ಬಂತು.

"ಕೊಬ್ಬು ಅಂದ್ರ ಸುಮ್ನ ಮೂಲ್ಯಾಗ ಕುಂದ್ರೂ ಸಾಮಾನಲ್ರಿ ಇನ್‌ಸ್ಪೆಕ್ಟರ್ ಸಾಹೇಬ್ರ" ಎಂದರು ಡಾಕ್ಟರು. "ಇದ್ದಷ್ಟು ಗಂಡಸಿನ ಹಾರ್ಮೋನು ತಗೊಂಡು ಹೆಣ್ಣಿನ ಹಾರ್ಮೋನು ಮಾಡ್ತೈತಿ ಅದು. ಮೂರು ವಾರಕ್ಕೊಂದು ಇಂಜೆಕ್ಷನ್ ಕೊಡ್ತೀನಿ. ಆದ್ರ ಹೊಟ್ಟಿ ಇಳಿಸಲಿಲ್ಲಂದ್ರ, ತೂತಿನ ಕೊಡಕ್ಕ ನೀರು ಹಾಕಿದಂಗ ನೋಡ್ರಿ."

ಎಣ್ಣೆಯಂಥ ಔಷಧ, ದಪ್ಪ ಸೂಜಿ. ಇಷ್ಟು ವರ್ಷ ಎತ್ತು ಎಮ್ಮೆಗಳಿಗೆ ಚುಚ್ಚಿದವನು ನಾನು, ಸರಕಾರದ ದನದ ಇನ್‌ಸ್ಪೆಕ್ಟರು, ನಮ್ಮೂರು ತಿರ್ಲಾಪುರದವರ ಬಾಯಲ್ಲಿ ದನದ ಡಾಕ್ಟರು. ನನ್ನ ಸರದಿ ಬಂದಾಗ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ಈಗ ಯಾಕೆ ಹೋದೆ ಎಂಬುದನ್ನೂ ಬರೆದಿಡುತ್ತೇನೆ, ಬೇರೆ ಯಾರ ಮುಂದೆ ಹೇಳಲಿ. ಮಗಳು ನೀಲಾ ಧಾರವಾಡದಲ್ಲಿ ಸೋದರಮಾವ ಮಡಿವಾಳೆಪ್ಪನ ಮನೆಯಲ್ಲಿದ್ದು ಓದುತ್ತಿದ್ದಾಳೆ. ಬರುವ ವರ್ಷ ಎಸ್ಸೆಸ್ಸೆಲ್ಸಿ. "ಜೂನ್‌ದಾಗ ಬ್ಯಾರೆ ಮನಿ ಹಿಡಿತೀನಿ, ಅಕ್ಕ ಬಂದು ಮಗಳ ಜೋಡಿ ಇರಲಿ" ಎಂದು ಮಡಿವಾಳೆಪ್ಪ ದೀಪಾವಳಿಯಲ್ಲಿ ಹೇಳಿ ಹೋದ. ಗಂಗಾ ನನ್ನನ್ನು ಕೇಳಿದಳು, "ಹೋಗ್ಲೇನ್ರಿ?" ನಾನು, "ಹೋಗು, ನನಗೇನ" ಎಂದೆ. ಅವಳು ಹಿಟ್ಟು ನಾದಲು ಒಳಗೆ ಹೋದಳು.

ಗೊರಕೆಯ ನೆಪ ಮಾಡಿ ಎರಡು ವರ್ಷದಿಂದ ಹೊರಗೆ ಕಟ್ಟೆಯ ಮೇಲೆ ಮಲಗುವ ಗಂಡ ಯಾವ ಮುಖ ಇಟ್ಟುಕೊಂಡು ಹೋಗಬೇಡ ಅನ್ನಬೇಕು? ಜೂನ್‌ವರೆಗೆ ಸಮಯವಿದೆ. ರಿಪೋರ್ಟಿನ ಅಂಕಿ ಏರಲಿ, ಗಂಡಸಿನಂತೆ ಎದುರು ನಿಂತು ಹೇಳುತ್ತೇನೆ. ಅಲ್ಲಿಯವರೆಗೆ ತೆಪ್ಪಗಿರುವುದು.

೧೫ ಜನವರಿ, ಸಂಕ್ರಾಂತಿ

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಎರಡು ರೊಟ್ಟಿಗೆ ಕೈ ತೊಳೆದೆ. "ಮೈಯಾಗ ಆರಾಮಿಲ್ಲೇನ್ರಿ?" ಎಂದು ಗಂಗಾ ಹಣೆ ಮುಟ್ಟಲು ಬಂದಳು. "ಎಲ್ಲಾದಕ್ಕೂ ಒಂದು ಪ್ರಶ್ನೆ ನಿಂದು" ಎಂದು ಸಿಡುಕಿದೆ. ಕೈ ಹಿಂದೆ ತೆಗೆದುಕೊಂಡಳು. ಹಸಿವಾಗಿರುವ ಮನುಷ್ಯನನ್ನು ಮಾತಾಡಿಸಬಾರದು ಎಂಬುದು ಅವಳಿಗೆ ಗೊತ್ತಾಗಬೇಕು.

ಸ್ಕೂಟರ್ ಮನೆಯಲ್ಲಿ ಬಿಟ್ಟು ನಡೆದುಕೊಂಡೇ ಹಳ್ಳಿ ತಿರುಗುತ್ತಿದ್ದೇನೆ. ದಾರಿಯಲ್ಲಿ ಸಿಕ್ಕವರೆಲ್ಲ "ಗಾಡಿ ಕೆಟ್ಟೈತೇನ್ರಿ ಡಾಕ್ಟರ?" ಎನ್ನುತ್ತಾರೆ. ಮೂರು ಮಂದಿ ರಿಪೇರಿಯವನ ವಿಳಾಸವನ್ನೂ ಕೊಟ್ಟರು.

೨೨ ಜನವರಿ

ಸೋತೆ. ರೇವವ್ವನ ಎಮ್ಮೆಗೆ ಕರು ಅಡ್ಡ ಸಿಕ್ಕಿತ್ತು, ತೆಗೆದುಕೊಟ್ಟೆ. ಅದು ನಾಲ್ಕು ದಿನದ ಹಿಂದೆ. ಇವತ್ತು ಕರೆದು ತಾಟಿನ ತುಂಬ ಗಿಣ್ಣ ಇಟ್ಟಳು. ಮೊದಲ ಹಾಲಿನ ಗಿಣ್ಣ, ಮೇಲೆ ಬೆಲ್ಲ, ಏಲಕ್ಕಿ. ಒಲ್ಲೆ ಎಂದೆ. ಮುದುಕಿಯ ಮುಖ ಕಪ್ಪಿಟ್ಟಿತು. "ಕರು ತಗದ ಕೈ ಗಿಣ್ಣ ಒಲ್ಲೆ ಅಂದ್ರ ಎಮ್ಮಿ ಉಳಿಯೂದಿಲ್ರಿ ಯಪ್ಪಾ." ಎಮ್ಮೆಯ ಪ್ರಾಣ ನನ್ನ ತಲೆಗೆ ಬಂತು. ತಾಟು ಬರಿದಾಯಿತು.

ನಾನು ಹೀಗೆಯೇ ಕ್ವಿಂಟಾಲು ಆದದ್ದು. ಸುತ್ತಲಿನ ಊರುಗಳಲ್ಲಿ ಹಾಲು ಹಿಂಡುವ ಎಮ್ಮೆಗಳೆಲ್ಲ ಒಂದಲ್ಲ ಒಂದು ದಿನ ನನ್ನ ಹೊಟ್ಟೆ ಸೇರಿವೆ.

೩ ಫೆಬ್ರುವರಿ, ಮಂಗಳವಾರ

ಹೋದ ಗುರುವಾರ ಎರಡನೆಯ ಇಂಜೆಕ್ಷನ್ ಆಯಿತು. ಇನ್ನೂ ಏನೂ ಗೊತ್ತಾಗಿಲ್ಲ.

ಇವತ್ತು ಮುದಕಪ್ಪ ತನ್ನ ಬೀಜದ ಹೋರಿ ಹಿಡಿದುಕೊಂಡು ದವಾಖಾನೆಗೆ ಬಂದ. ಖಿಲಾರಿ ತಳಿಯ ಹೋರಿ. ನೋಡಲು ಕಣ್ಣು ಸಾಲದು, ಆದರೆ ಮೈ ಎಲ್ಲ ಕೊಬ್ಬು. ಆಕಳ ಮುಂದೆ ಬಿಟ್ಟರೆ ಮೂಸಿ ನೋಡಿ ಮಲಗಿಬಿಡುತ್ತದಂತೆ. "ಮಂದಿ ದೂರದಿಂದ ಆಕಳಾ ಹೊಡ್ಕೊಂಡು ಬಂದು ನಕ್ಕೋತ ಹೊಳ್ಳಿ ಹೊಂಟಾರ್ರಿ. ನನಗ ಅಡ್ಡಾಡಾಕ ಮುಖ ಇಲ್ಲದಂಗ ಆಗೇತಿ" ಎಂದ. ಯಾರದೋ ಮಾತು ಕೇಳಿ ಹುಬ್ಬಳ್ಳಿಯಿಂದ ಒಂದು ಔಷಧದ ಸೀಸೆಯನ್ನೂ ತಂದಿದ್ದ. ಚೀಟಿ ಓದಿದೆ. ಟೆಸ್ಟೊಸ್ಟೆರೋನ್. ಚೀಟಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ.

"ಲೇ ಮುದಕಪ್ಪ, ಇದಕ್ಕ ರೋಗ ಇಲ್ಲೋ, ಕೊಬ್ಬು. ಹತ್ತಿಕಾಳು, ಹಿಂಡಿ ಬಂದ್ ಮಾಡು. ದಿನಾ ಹೊಲಕ್ಕ ಹೊಡ್ಕೊಂಡು ಹೋಗಿ ನೊಗಾ ಇಡು."

"ಬೀಜದ ಹೋರಿಗೆ ನೊಗಾ ಇಡೂದೇನ್ರಿ! ಒಂದ್ ಸೂಜಿ ಹಾಕಿಬಿಡ್ರಲ್ಲ."

"ಸೂಜಿ ಬ್ಯಾಡ, ದುಡಿಸು. ಒಂದ್ ತಿಂಗಳು ತಡದು ನನ್ನ ಮುಂದ ಬಾ."

ಸೀಸೆಯನ್ನು ಇಸಿದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಈ ರೈತರಿಗೆ ಎಲ್ಲದಕ್ಕೂ ಸೂಜಿಯೇ ಬೇಕು. ಕುಂತು ತಿಂದರೆ ಏನಾಗುತ್ತದೆ ಎಂದು ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

೧೪ ಫೆಬ್ರುವರಿ

ಮಡಿವಾಳೆಪ್ಪ ಕಾರ್ಡು ಬರೆದಿದ್ದಾನೆ. ಧಾರವಾಡದಲ್ಲಿ ಮನೆ ನೋಡಿದ್ದಾನಂತೆ. "ಎರಡು ಖೋಲಿ, ನಳ ಒಳಗೇ ಐತಂತ" ಎಂದು ಗಂಗಾ ಓದಿ ಹೇಳಿದಳು. ನಳದ ಸಂತೋಷ ಅವಳ ದನಿಯಲ್ಲಿ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮೂರು ವಾರಕ್ಕೊಂದು ಸೂಜಿಯನ್ನು ನಂಬಿ ಕುಳಿತರೆ ಜೂನ್ ಬಂದೇ ಬಿಡುತ್ತದೆ. ದವಾಖಾನೆಯ ಬಾಗಿಲು ಹಾಕಿ, ಕಪಾಟು ತೆಗೆದು, ಮುದಕಪ್ಪನ ಸೀಸೆಯಿಂದ ತೊಡೆಗೆ ಹಾಕಿಕೊಂಡೆ. ಲೆಕ್ಕ ಹಾಕಿಯೇ ಹಾಕಿಕೊಂಡದ್ದು. ಹೋರಿಯ ತೂಕಕ್ಕೆ ನನ್ನ ತೂಕ ಕಾಲು ಭಾಗ, ಔಷಧವೂ ಕಾಲು ಭಾಗ. ಲೆಕ್ಕದಲ್ಲಿ ನಾನು ಎಂದೂ ತಪ್ಪಿಲ್ಲ.

೨ ಮಾರ್ಚ್

ಔಷಧ ಹತ್ತಿದೆ! ನಿದ್ದೆ ಇಲ್ಲ, ತೂಕಡಿಕೆ ಇಲ್ಲ, ಮೈಯಲ್ಲಿ ಹೊಸ ರಕ್ತ. ಹುಬ್ಬಳ್ಳಿಯ ಇಂಜೆಕ್ಷನ್ ಒಂದು ಕಡೆ, ನನ್ನದು ಒಂದು ಕಡೆ. ನಾಲ್ಕು ದಿನಕ್ಕೊಮ್ಮೆ ಹಾಕಿಕೊಂಡು ಸೀಸೆ ಮುಗಿಯಿತು. ತಹಶೀಲ್ದಾರ ಕಚೇರಿಯ ಗುಮಾಸ್ತನಿಗೆ ಬಾಯಿಗೆ ಬಂದದ್ದು ಅಂದು ಬಂದೆ. ರೊಟ್ಟಿ ದಪ್ಪ ಆಗಿದೆ ಎಂದು ತಾಟು ಸರಿಸಿದೆ. ಗಂಗಾ ಆ ರೊಟ್ಟಿಯನ್ನು ತಾನೇ ಉಂಡಳು.

ಮುಖದ ಮೇಲೆ ಹುಡುಗರಿಗೆ ಏಳುವಂಥ ಮೊಡವೆ ಎದ್ದಿವೆ. ಎದೆ ಬಾತು ಅಂಗಿ ತಗುಲಿದರೂ ನೋಯುತ್ತದೆ. ಅದೇನೋ ಉಷ್ಣ ಇರಬೇಕು. ಗಂಡಸುತನ ಬರುತ್ತಿದೆ ಅಂತ ಧೈರ್ಯ ಮಾಡಿ ಒಳಕೋಣೆಯ ಬಾಗಿಲವರೆಗೆ ಹೋದೆ. ಅವಳು ಎದ್ದು ಕುಳಿತು, "ಯಾರಿಗೆ ಬೈಯಾಕ ಬಂದ್ರಿ?" ಎಂದಳು. ಹೊಳ್ಳಿ ಕಟ್ಟೆಗೆ ಬಂದೆ.

೧೦ ಮಾರ್ಚ್, ಮಂಗಳವಾರ

ಮಾನ ಹೋಯಿತು.

ಮುದಕಪ್ಪ ತೆಂಗಿನಕಾಯಿ, ಪೇಢೆ ಹಿಡಿದು ಮನೆಗೇ ಬಂದ. ಕಟ್ಟೆಯ ಕೆಳಗಿನಿಂದಲೇ ಕೂಗಿದ, "ಗೆದ್ವಿರಿ ಡಾಕ್ಟರ! ಹತ್ತಿಕಾಳು ಬಿಡಿಸಿ, ನೊಗಾ ಇಟ್ಟು ಗಳೇವು ಹೊಡಸೀನಿ ನೋಡ್ರಿ, ಹೋರಿ ಈಗ ಹಗ್ಗಕ್ಕ ನಿಲ್ಲವಲ್ದು!" ನನಗೂ ಖುಷಿಯಾಯಿತು. ನಾನು ಹೇಳಿದ್ದೇ ಸರಿಯಾಯಿತಲ್ಲ. ಆಮೇಲೆ ಅವನು, "ಆ ಸೀಸೆ ಕೊಟ್ಟಬಿಡ್ರಿ, ಒಡದಿಲ್ಲಲ್ಲ, ಅಂಗಡ್ಯಾಗ ಹೊಳ್ಳಿ ಕೊಟ್ಟ ಬರ್ತೀನಿ" ಎಂದ.

ನಾನು ಒಡೆದುಹೋಯಿತು ಎಂದೆ. ಹಿಂದೆಯೇ, ಸರಕಾರ ಜಪ್ತಿ ಮಾಡಿತು ಎಂದೆ. ಮುದಕಪ್ಪ ಪಾಪ, ಎರಡನ್ನೂ ನಂಬಿ ಹೋದ. ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದ ಗಂಗಾ ಒಂದನ್ನೂ ನಂಬಲಿಲ್ಲ.

"ಯಾವ ಔಷಧರೀ ಅದು?"

"ಹೋರೀದು."

"ಹೋರಿಗೆ ಏನಾಗಿತ್ತು?"

ಹೇಳಿದೆ. ಅವಳು ನನ್ನ ಮೊಡವೆ ನೋಡಿದಳು. ಅಂಗಿ ತಗುಲದಂತೆ ನಾನು ಎದೆ ಮುಂದೆ ಹಿಡಿದುಕೊಂಡಿದ್ದ ಕೈ ನೋಡಿದಳು. ಚಹಾ ಕೆಳಗಿಟ್ಟಳು.

"ನೀವು ಚುಚ್ಚಿಕೊಂಡ್ರಿ?"

ಹೌದೆಂದು ತಲೆಯಾಡಿಸಿದೆ. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. "ಗುರುವಾರ ಹುಬ್ಬಳ್ಳಿಗೆ ನಾನೂ ಬರ್ತೀನಿ" ಎಂದಷ್ಟೇ ಹೇಳಿದಳು.

೧೨ ಮಾರ್ಚ್, ಗುರುವಾರ

ಹೋರಿಯ ಔಷಧ, ತೂಕದ ಲೆಕ್ಕದಲ್ಲಿ ಕಾಲು ಭಾಗ ಎಂದ ತಕ್ಷಣ ಡಾಕ್ಟರು ಚಸ್ಮಾ ತೆಗೆದು ಕಣ್ಣು ಒರೆಸಿಕೊಂಡು ನಕ್ಕರು. ರಕ್ತದ ಒತ್ತಡ ನೋಡಿದ ಮೇಲೆ ನಗಲಿಲ್ಲ.

"ರಕ್ತ ದಪ್ಪ ಆಗಿ ಹೃದಯಕ್ಕೋ ಮೆದುಳಿಗೋ ಏರಿದ್ರ ನಾ ಏನ್ ಮಾಡ್ಲಿ? ಎದಿ ಯಾಕ ಬಾತೈತಿ ಗೊತ್ತೈತೇನ್ರಿ? ನೀವು ಹಾಕಿದ್ದನ್ನೆಲ್ಲಾ ನಿಮ್ಮ ಹೊಟ್ಟಿ ಹೆಣ್ಣಿನ ಹಾರ್ಮೋನು ಮಾಡೇತಿ. ಗಂಡಸಾಗಾಕ ಹೋಗಿ ಮೊಲಿ ಬರಿಸ್ಕೊಂಡ್ರಿ!"

ಇದನ್ನು ಗಂಗಾಳ ಮುಂದೆಯೇ ಅಂದರು. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಎಲ್ಲ ಇಂಜೆಕ್ಷನ್ ಬಂದ್. ಹೊರಗಿನಿಂದ ಸಿದ್ಧ ಬಟ್ಟೆ ಬಂದು ಬಿದ್ದರೆ ಮನೆಯ ಮಗ್ಗ ನಿಲ್ಲುತ್ತದಂತೆ. ಮೈಯೂ ಹಾಗೇ, ತಾನು ಮಾಡುವುದನ್ನು ಬಿಟ್ಟು ಕುಳಿತಿದೆ. "ಮಗ್ಗ ತಾನ ಸುರು ಆಗ್ತೈತೇನು ನೋಡೂಣು. ಮೇ ತಿಂಗಳದಾಗ ಮತ್ತ ರಕ್ತ ತಗದು ಮುಂಬಯಿಗೆ ಕಳಸ್ತೀನಿ. ಆಗಲಿಲ್ಲಂದ್ರ ಸಣ್ಣ ಡೋಸು ನಾನ ಕೊಡ್ತೀನಿ. ಕೆಲವು ಮಂದಿಗೆ ಜೀವನಪೂರ್ತಿ ಬೇಕಾಗ್ತೈತಿ, ಅದರಾಗ ನಾಚಿಕಿ ಏನಿಲ್ಲ. ಆದ್ರ ನಿಮಗ ಮೊದಲ ಹೊಟ್ಟಿ ಇಳೀಬೇಕು."

ಗಂಗಾ ಗಂಭೀರವಾಗಿ ಕೇಳಿದಳು, "ಹೊಲದಾಗ ದುಡಿಸಿದ್ರ ನಡಿತೈತೇನ್ರಿ ಡಾಕ್ಟರ್ ಸಾಹೇಬ್ರ? ಏನೂ ಆಗೂದಿಲ್ಲಲ್ಲ?"

"ಹದಿನೈದು ದಿನ ಬರೇ ನಡಸ್ರಿ. ಒತ್ತಡ ಇಳಿದಮ್ಯಾಗ ಬೇಕಾದ್ದು ಮಾಡಸ್ರಿ."

ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತಳು. ಊರು ದಾಟಿದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆ ಎಂದು ತಿಳಿದು ಅವಳ ಕಡೆ ಬಾಗಿದೆ. ನೋಡಿದರೆ ನಗು! ಮೈ ಕುಲುಕಿ ಕುಲುಕಿ ನಗು. "ತೂಕದ ಲೆಕ್ಕಾ... ಕಾಲು ಭಾಗ..." ಎಂದು ಮತ್ತೆ ನಗು. ಮುಂದಿನ ಸೀಟಿನವರು ಹೊರಳಿ ನೋಡಿದರು. ಸಿಟ್ಟಿನಿಂದ ಕಿಟಕಿಯ ಕಡೆ ತಿರುಗಿದೆ. ಸ್ವಲ್ಪ ಹೊತ್ತಿಗೆ ನನಗೂ ತಡೆಯಲಾಗಲಿಲ್ಲ. ಟಿಕೆಟ್ ಕೊಡಲು ಬಂದ ಕಂಡಕ್ಟರನಿಗೆ ಊರಿನ ಹೆಸರು ಹೇಳಲು ಇಬ್ಬರಿಗೂ ಆಗಲಿಲ್ಲ.

ಇಳಿಯುವಾಗ ಅವಳು ಮೆಲ್ಲಗೆ ಕೇಳಿದಳು, "ಇದಕ್ಕೇನ್ರಿ ನೀವು ಹೊರಗ ಮಲಗತಿದ್ದದ್ದು? ನಾ ಅಂದ್ರ ಬ್ಯಾಸರ ಬಂದೈತಿ ಅಂತ ತಿಳಕೊಂಡಿದ್ನಿ." ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಧಾರವಾಡದ ಮಾತು ಎತ್ತಲಿಲ್ಲ. ಅಂಕಿ ಈಗ ಮೊದಲಿಗಿಂತ ಕೆಳಗೆ ಇಳಿಯುತ್ತದಂತೆ, ಯಾವ ಬಾಯಿಂದ ಮಾತಾಡಲಿ.

೨೨ ಮಾರ್ಚ್

ನಸುಕಿನಲ್ಲಿ ಎಬ್ಬಿಸುತ್ತಾಳೆ. ಹೊಲದವರೆಗೆ ನಡೆದು ಹೋಗುವುದು, ನಡೆದು ಬರುವುದು. ಒತ್ತಡ ಇಳಿದ ಮೇಲೆ ಬಾವಿಯ ಬಾಜು ಇರುವ ಅರ್ಧ ಎಕರೆಯನ್ನು ನಾವೇ ಮಾಡುವುದಂತೆ.

"ಸರಕಾರಿ ನೌಕರ ಹೊಲದಾಗ ಹೆಂಟಿ ಒಡದ್ರ ಮಂದಿ ಏನಂದಾರು?"

"ಮುದಕಪ್ಪನ ಹೋರಿಗೆ ಏನ್ ಹೇಳಿದ್ರಿ? ಹೇಳೂದು ವೇದಾಂತ, ತಿನ್ನೂದು ಬದನಿಕಾಯಿ."

ಗಿಣ್ಣದ ಕಾಟಕ್ಕೂ ಅವಳೇ ಉಪಾಯ ಹುಡುಕಿದ್ದಾಳೆ. "ನಮ್ಮ ಮನಿಯವರ ಬಾಯಿಗೆ ಗಿಣ್ಣ ಬಿದ್ರ ಎಮ್ಮಿ ಹಾಲು ಹಿಂಗತಾವ, ಎರಡ ಮನ್ಯಾಗ ಹಂಗ ಆಗೇತಿ" ಎಂದು ಬಾವಿಕಟ್ಟೆಯ ಮೇಲೆ ಒಂದು ಮಾತು ಬಿಟ್ಟಿದ್ದಾಳೆ. ಈಗ ನಾನು ಹೋದರೆ ಹೆಂಗಸರು ಪಾತ್ರೆ ಮುಚ್ಚುತ್ತಾರೆ. ಇವತ್ತು ರೇವವ್ವ ಬರೀ ನೀರು ಕೊಟ್ಟು ಕೈ ಮುಗಿದಳು.

೩೦ ಮಾರ್ಚ್, ಯುಗಾದಿ

ಮಡಿವಾಳೆಪ್ಪ, ನೀಲಾ ಬಂದಿದ್ದರು. ಬೇವು ಬೆಲ್ಲ ಕೊಟ್ಟೆವು. ಒಂದೇ ಹೋಳಿಗೆ ತಿಂದೆ, ಅದಕ್ಕೂ ತುಪ್ಪವಿಲ್ಲ. ನೀಲಾ, "ಅಪ್ಪಾ, ನಿನ್ನ ಮುಖ ಸಣ್ಣ ಆಗೇತಿ" ಎಂದಳು. ಮೈ ಅಂದಿದ್ದರೆ ಚೆನ್ನಾಗಿತ್ತು.

ಊಟದ ಮೇಲೆ ಅಕ್ಕ ತಮ್ಮ ಹಿತ್ತಲಲ್ಲಿ ನಿಂತು ಬಹಳ ಹೊತ್ತು ಮಾತಾಡಿದರು. ಧಾರವಾಡದ ಮನೆಯ ಬಾಡಿಗೆಯ ಮಾತು ಇರಬೇಕು. ನನಗೆ ಕೇಳುವ ಧೈರ್ಯವಾಗದೆ ದನದ ಕೊಟ್ಟಿಗೆ ಕಡೆ ಹೋದೆ. ಹೊರಡುವಾಗ ಮಡಿವಾಳೆಪ್ಪ ನನ್ನನ್ನು ನೋಡಿ ನಕ್ಕ. ಯಾಕೆ ನಕ್ಕನೋ. ಅವಳು ಹೋಗುವ ಸಂತೋಷ ಅವನಿಗಿರಬೇಕು. ದಿನವಿಡೀ ಮನಸ್ಸು ಕಹಿಯಾಗಿಯೇ ಇತ್ತು.

೧೭ ಏಪ್ರಿಲ್

ಡಾಕ್ಟರ ಅಪ್ಪಣೆ ಸಿಕ್ಕು ಎರಡು ವಾರವಾಯಿತು. ಹೆಂಟೆ ಒಡೆದು ಒಡೆದು ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಈಗ ಚರ್ಮ ಗಟ್ಟಿಯಾಗಿದೆ. ಎರೆಮಣ್ಣಿನ ಹೆಂಟೆ ಅಂದರೆ ಕಲ್ಲೇ. ಗಂಗಾ ಮುಂದೆ ಮುಂದೆ ಹೋಗುತ್ತಾಳೆ, ನಾನು ಏದುತ್ತ ಹಿಂದೆ. ಅವಳು ಹುಡುಗಿಯಾಗಿದ್ದಾಗ ಬಾವಿಗೆ ಮೇಲಿನಿಂದ ಜಿಗಿದು ಈಜುತ್ತಿದ್ದಳಂತೆ, ಊರಿನ ಗಂಡು ಹುಡುಗರು ದಂಡೆಯಲ್ಲಿ ನಿಂತು ನೋಡುತ್ತಿದ್ದರಂತೆ. ಮದುವೆಯಾಗಿ ಹದಿನಾರು ವರ್ಷ, ಇದು ನನಗೆ ಗೊತ್ತೇ ಇರಲಿಲ್ಲ. ನಾಳೆ ಇನ್ನೇನು ಹೇಳುತ್ತಾಳೋ ಎಂದು ಕಾಯುತ್ತಿರುತ್ತೇನೆ.

ಆದರೆ ಇವತ್ತು ಅವಳು ಮಾಡಿದ್ದು ನನಗೆ ಸರಿ ಬರಲಿಲ್ಲ. ನನ್ನನ್ನು ಒಂದು ಮಾತು ಕೇಳದೆ ಸಂತೆಯಿಂದ ಎಮ್ಮೆಯ ಮಣಕ ತರಿಸಿದ್ದಾಳೆ. ತಳಿ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ಅದು ಗಬ್ಬವಾಗಿ, ಕರು ಹಾಕಿ, ಹಾಲು ಕೊಡಲು ಎರಡು ವರ್ಷ ಬೇಕು. ಹಿಂಡುವ ಎಮ್ಮೆ ಬಿಟ್ಟು ಇದನ್ನು ಯಾರು ಕೊಳ್ಳುತ್ತಾರೆ? ಅದೂ ದನದ ಡಾಕ್ಟರ ಹೆಂಡತಿ!

"ಎರಡು ವರ್ಷ ಯಾರು ಕಾಯ್ತಾರ?" ಎಂದೆ.

"ನಾ ಕಾಯ್ತೀನಿ. ನನಗೇನ ಅವಸರ ಇಲ್ಲ" ಎಂದು ಅದರ ಹಣೆಗೆ ಕುಂಕುಮ ಹಚ್ಚಿದಳು. ಹೆಂಗಸರಿಗೆ ದನದ ವ್ಯವಹಾರ ತಿಳಿಯುವುದಿಲ್ಲ.

೧ ಮೇ, ಬಸವ ಜಯಂತಿ

ಅಣ್ಣಿಗೇರಿಗೆ ಹೋಗಿದ್ದೆವು. ಅಡತಿ ಅಂಗಡಿಯಲ್ಲಿ ಚೀಲ ತೂಗುವ ಕಾಟಾ ಖಾಲಿ ಇತ್ತು. ಗಂಗಾ, "ಹತ್ರಿ ನೋಡೂಣು" ಎಂದಳು. ಹತ್ತಿದೆ. ತೂಗುವವನು ಕಲ್ಲು ತೆಗೆದು ಹಾಕಿ, ತೆಗೆದು ಹಾಕಿ, "ಕ್ವಿಂಟಾಲ್ ಇಲ್ರಿ, ಎಂಟು ಕಿಲ್ಲೋ ಕಮ್ಮಿ" ಎಂದ. ಗಂಗಾ ಅಲ್ಲಿಯೇ ಚಪ್ಪಾಳೆ ತಟ್ಟಿದಳು. ಅಡತಿಯವನು, "ಮಾಲು ಕಮ್ಮಿ ಬಂದ್ರ ಹಿಂಗ ಖುಷಿ ಪಡೋರನ್ನ ನಾ ಇವತ್ತ ನೋಡಿದ್ದು" ಎಂದ.

ಎದೆಯ ಬಾವು ಇಳಿದಿದೆ. ಮೊಡವೆ ಇಲ್ಲ. ಮೊಣಕಾಲಂತೂ ನೆನಪೇ ಆಗುವುದಿಲ್ಲ. ಬರುವಾಗ ಅವಳಿಗೆ ಮಲ್ಲಿಗೆ ತೆಗೆದುಕೊಂಡೆ. ಕಮ್ಮಿ ಇದ್ದವು, ಇದ್ದಷ್ಟನ್ನೂ ತೆಗೆದುಕೊಂಡೆ.

೧೪ ಮೇ, ಗುರುವಾರ

ರಕ್ತ ಕೊಟ್ಟು ಬಂದೆ. ಮುಂಬಯಿಯಿಂದ ರಿಪೋರ್ಟು ಬರಲು ಎರಡು ಮೂರು ವಾರ. ಸಾಲೆ ಸುರುವಾಗುವುದರೊಳಗೆ ಬಂದರೆ ಸಾಕು. ಅಂಕಿ ಚೆನ್ನಾಗಿ ಬಂದರೆ ಅವತ್ತೇ ಹೇಳುತ್ತೇನೆ.

ಬೆಳಿಗ್ಗೆ ಗಂಗಾ ಪಾತ್ರೆ ತೊಳೆಯುತ್ತ, "ಗೊರಕಿ ಬಂದ್ ಆಗೇತ್ರಿ ನಿಮ್ಮದು" ಎಂದಳು.

"ಒಳಗ ಮಲಗಿದವಳಿಗೆ ಹೆಂಗ ಗೊತ್ತು?"

"ಎರಡು ವರ್ಷ ಅದನ್ನ ಕೇಳ್ಕೋತ ಮಲಗೀನಿ. ಈಗ ಅದು ಇಲ್ಲ, ನನಗ ನಿದ್ದಿ ಬರವಲ್ದು."

ಪಾಪ, ಧಾರವಾಡಕ್ಕೆ ಹೋದ ಮೇಲೆ ನಿದ್ದೆಗೆ ಏನು ಮಾಡುತ್ತಾಳೋ.

೨೧ ಮೇ

ನಿನ್ನೆ ರಾತ್ರಿ ಗುಡುಗು, ಸಿಡಿಲು, ದಪ್ಪ ಹನಿ. ಕಟ್ಟೆ ತೊಯ್ದಿತು. ಹಾಸಿಗೆ ಸುತ್ತಿಕೊಂಡು ಒಳಗೆ ಹೋದೆ. ಇದಕ್ಕಿಂತ ಹೆಚ್ಚು ಇಲ್ಲಿ ಬರೆಯುವುದಿಲ್ಲ.

ಬಿಸಿಲು ಬಿದ್ದ ಮೇಲೆ ಎದ್ದೆವು. ಹೊಲಕ್ಕೆ ಹೋಗಲಿಲ್ಲ. ಗಂಗಾ ರೊಟ್ಟಿ ಬಡಿಯುತ್ತ ಹಾಡು ಗುನುಗುತ್ತಿದ್ದಳು, ನಾನು ಒಲೆಯ ಮುಂದೆಯೇ ಸುಮ್ಮನೆ ಕುಳಿತಿದ್ದೆ. ಕಚೇರಿಗೆ ತಡವಾಯಿತು.

ರಿಪೋರ್ಟು ಇನ್ನೂ ಬಂದಿಲ್ಲ. ಅದು ಬಾರದೆ ನಾನು ಗುಣವಾಗಿದ್ದೇನೋ ಇಲ್ಲವೋ ಹೇಗೆ ತಿಳಿಯಬೇಕು? ಚಿಂತೆ ಹತ್ತಿದೆ.

೩೧ ಮೇ, ಭಾನುವಾರ

ಬರೆಯಲು ಕುಳಿತರೆ ನಗು ಬರುತ್ತದೆ. ಆದರೂ ಬರೆಯುತ್ತೇನೆ.

ಬೆಳಿಗ್ಗೆ ಬಾವಿಯ ಹತ್ತಿರ ಬದನೆ ಸಸಿಗೆ ನೀರು ಹಾಕುತ್ತಿದ್ದೆ. ಮುದಕಪ್ಪ ಹೋರಿ ಹೊಡೆದುಕೊಂಡು ಬಂದವನು, "ಡಾಕ್ಟರ, ನಿಮ್ಮ ಮನಿ ಮುಂದ ಟೆಂಪೋ ನಿಂತೈತಿ. ನಿಮ್ಮ ಹೆಂಡ್ತಿ ತಮ್ಮ ಬಂದಾರ ನೋಡ್ರಿ" ಎಂದ.

ಕೊಡ ಕೈಯಿಂದ ಬಿತ್ತು. ಸಾಮಾನು ಒಯ್ಯಲು ಬಂದಿದ್ದಾನೆ! ರಿಪೋರ್ಟು ಬಂದಿಲ್ಲ, ನಾನು ಒಂದು ಮಾತೂ ಆಡಿಲ್ಲ, ಅವಳು ಟೆಂಪೋ ಹತ್ತುತ್ತಾಳೆ. ಓಡಿದೆ. ಮದುವೆಯಾದಾಗಿನಿಂದ ಓಡಿದವನಲ್ಲ ನಾನು. ಕೆಸರು ಕಾಲಲ್ಲಿ ಓಣಿಯುದ್ದಕ್ಕೂ ಓಡಿದೆ. "ಯಾರ ಎಮ್ಮಿಗೆ ಏನಾತ್ರೀ?" ಎಂದು ಹೆಂಗಸರು ಬಾಗಿಲಿಗೆ ಬಂದರು. ಮುದಕಪ್ಪ ಹೋರಿಯನ್ನು ಅಲ್ಲೇ ಗಿಡಕ್ಕೆ ಕಟ್ಟಿ ನನ್ನ ಹಿಂದೆ ಓಡಿ ಬಂದ.

ಮನೆಯ ಮುಂದೆ ಟೆಂಪೋ ನಿಂತಿತ್ತು. ಮಡಿವಾಳೆಪ್ಪ ಹಗ್ಗ ಬಿಚ್ಚುತ್ತಿದ್ದ. ಗಂಗಾ ಬಾಗಿಲಲ್ಲಿ ಇದ್ದಳು. ಹೊಸ ಸೀರೆ ಉಟ್ಟಿದ್ದಳು. ಹೊರಟೇ ಬಿಟ್ಟಳು ಎಂದುಕೊಂಡೆ. ಯಾರಿದ್ದಾರೆ, ಯಾರಿಲ್ಲ ಎಂದು ನೋಡಲಿಲ್ಲ.

"ಗಂಗಾ, ನೀ ಹೋಗಬ್ಯಾಡ! ರಿಪೋರ್ಟ್ ಬಂದಿಲ್ಲ. ಕಮ್ಮಿ ಬಂದ್ರೂ ಅಷ್ಟ, ಬರದಿದ್ರೂ ಅಷ್ಟ. ಹೋಗು ಅಂತ ನಾ ಅಂದದ್ದು ಸುಳ್ಳು. ನೀ ಇಲ್ಲದ ಮನ್ಯಾಗ ನನಗ ಒಂದ್ ದಿನಾನೂ ಇರಾಕ ಆಗೂದಿಲ್ಲ!"

ಮಡಿವಾಳೆಪ್ಪ ಹಗ್ಗ ಹಿಡಿದು ನಿಂತೇ ಇದ್ದ.

"ಮಾವಾರ," ಎಂದ, "ನಾ ಜ್ವಾಳ ಒಯ್ಯಾಕ ಬಂದೀನ್ರಿ. ನಾಕ್ ಚೀಲ. ಬರೂದಿಲ್ಲ ಅಂತ ಅಕ್ಕ ಯುಗಾದಿಗೇ ಹೇಳ್ಯಾಳ. ನೀಲಾ ನಮ್ಮನ್ಯಾಗ ಇರ್ತಾಳ. ನಿಮಗ ಗೊತ್ತಿಲ್ಲೇನ್ರಿ?"

ಮುದಕಪ್ಪ ಹಿಂದೆ ನಿಂತು "ಅಯ್ಯ ಶಿವನ" ಎಂದದ್ದು ಕೇಳಿಸಿತು. ನಾನು ಏದುತ್ತ ಗಂಗಾಳನ್ನು ನೋಡಿದೆ.

"ಮತ್ತ ನನಗ ಯಾಕ ಹೇಳಲಿಲ್ಲ?"

ಅವಳ ಕಣ್ಣು ತುಂಬಿದ್ದವು, ತುಟಿ ನಗುತ್ತಿತ್ತು. "ಹೋಗು ಅಂದವರು ನೀವಲ್ರಿ? ಹೋಗಬ್ಯಾಡ ಅನ್ನೂದೂ ನೀವ ಅನ್ಬೇಕು. ಅದನ್ನ ಕೇಳಾಕ ಕುಂತಿದ್ನಿ." ಆಮೇಲೆ ಸೆರಗು ನಡುವಿಗೆ ಸಿಗಿಸಿಕೊಂಡು ಮೆಟ್ಟಿಲಿಳಿದು ಬಂದಳು. "ಈಗ ಏನಂದ್ರಿ? ಅವಸರದಾಗ ಸರಿ ಕೇಳಸಲಿಲ್ಲ. ಇನ್ನೊಮ್ಮೆ ಅನ್ರಿ."

ಅಂದೆ.

"ಮಡಿವಾಳ ದೂರ ಅದಾನ, ಅವಂಗ ಕೇಳಸಲಿಲ್ಲಂತ."

ಮಡಿವಾಳೆಪ್ಪ ಒಂದು ಮಾರು ದೂರದಲ್ಲಿದ್ದ. ಅವನಿಗೆ ಎಲ್ಲವೂ ಕೇಳಿಸಿತ್ತು. ಆದರೂ ಮತ್ತೊಮ್ಮೆ ಅಂದೆ, ಓಣಿಯ ಕೊನೆಯ ಮನೆಗೂ ಮುಟ್ಟುವಂತೆ ಗಟ್ಟಿಯಾಗಿ ಅಂದೆ. ಮೊದಲ ಸಲ ಅವಸರಕ್ಕೆ ಅಂದಿದ್ದೆ, ಎರಡನೆಯ ಸಲ ತಲೆ ಕೆಳಗೆ ಹಾಕಿ ಅಂದಿದ್ದೆ. ಮೂರನೆಯ ಸಲ ನನಗೆ ಸ್ವಲ್ಪವೂ ನಾಚಿಕೆಯಾಗಲಿಲ್ಲ.